ನಾವು ನಡೆಯುವ ಬೀದಿಗಳಲ್ಲಿ ನಡೆದವರು

ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ 17ನೆಯ ತಾರೀಖು ಬಂತೆಂದರೆ ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ, ಅಂದರೆ ಕನ್ನಡಿಗರಿಗೆ, ಒಂದು ಚಿಕ್ಕ ಪೇಚಾಟ. ಕಲಬುರ್ಗಿ, ಬೀದರಿನ ಕಡೆಯ ನೆಂಟರು ಫೋನು ಮಾಡಿ 'ವಿಮೋಚನಾ ದಿನ'ದ ಶುಭಾಶಯ ಹೇಳುತ್ತಾರೆ. ಅಲ್ಲಿಯ ಸರ್ಕಾರಿ ಕಾಗದದಲ್ಲಿ ಈಗ ಅದು ಕಲ್ಯಾಣ ಕರ್ನಾಟಕ ಉತ್ಸವ ದಿನ. ಇಲ್ಲಿ ಸಿಕಂದರಾಬಾದಿನ ಪರೇಡ್ ಮೈದಾನದಲ್ಲಿ 2022ರಲ್ಲಿ ಕೇಂದ್ರ ಸರ್ಕಾರ 'ಹೈದರಾಬಾದ್ ವಿಮೋಚನಾ ದಿನ'ವನ್ನು ಆರಂಭಿಸಿತು. ಅದೇ ವರ್ಷ ತೆಲಂಗಾಣ ಸರ್ಕಾರ ಅದನ್ನು ರಾಷ್ಟ್ರೀಯ ಏಕತಾ ದಿನವೆಂದು ಕರೆಯಿತು. ಸರ್ಕಾರ ಬದಲಾಗಿ 2024ರಲ್ಲಿ ಅದೇ ದಿನ 'ಪ್ರಜಾ ಪಾಲನಾ ದಿನೋತ್ಸವ'ವಾಯಿತು. ಹಳೆಯ ಊರಿನ ಕೆಲವು ಮನೆಗಳಲ್ಲಿ ಈ ದಿನಕ್ಕೆ ಯಾವ ಹೆಸರೂ ಇಲ್ಲ. ಅಲ್ಲಿಯ ಹಿರಿಯರು ಆ ದಿನ ಸುಮ್ಮನಿರುತ್ತಾರೆ, ಅಷ್ಟೆ.

ನಾನು ವೃತ್ತಿಯಲ್ಲಿ ಗುಮಾಸ್ತ. ಕಡತದ ಮೇಲಿನ ಹೆಸರನ್ನು ಎಷ್ಟು ಸಲ ಬದಲಾಯಿಸಿದರೂ ಒಳಗಿನ ಕಾಗದಗಳು ಬದಲಾಗುವುದಿಲ್ಲವೆಂಬುದು ದಿನನಿತ್ಯದ ಅನುಭವ. ಆದ್ದರಿಂದ ಹೆಸರಿನ ಜಗಳವನ್ನು ಬಲ್ಲವರಿಗೇ ಬಿಟ್ಟು, ಒಳಗಿನ ಕೆಲವು ಹಾಳೆಗಳನ್ನು ಓದುಗ ಮಿತ್ರರ ಮುಂದೆ ತೆರೆದಿಡಬೇಕೆನ್ನಿಸಿತು. ನೌಕರಿ, ವ್ಯಾಪಾರಗಳಿಗಾಗಿ ಈ ಊರಿಗೆ ಬಂದ ನಾವು 'ನಮ್ಮ ಚರಿತ್ರೆಯೆಲ್ಲ ಹಂಪೆಯಲ್ಲಿ, ಕಿತ್ತೂರಿನಲ್ಲಿ, ಇಲ್ಲಿ ನಮ್ಮದೇನಿದೆ?' ಎಂದುಕೊಳ್ಳುವುದುಂಟು. ದಿನವೂ ತರಕಾರಿ ಚೀಲ ಹಿಡಿದು ನಾವು ನಡೆಯುವ ಬೀದಿಗಳಲ್ಲೇ ಎಂತೆಂಥವರು ನಡೆದು ಹೋಗಿದ್ದಾರೆಂಬುದು ನಮ್ಮ ಮಕ್ಕಳಿಗಿರಲಿ, ನಮಗೇ ಗೊತ್ತಿರುವುದಿಲ್ಲ.

ಮೊದಲು ಎರಡು ಮಾತಿನಲ್ಲಿ ಹಿನ್ನೆಲೆ. ನಿಜಾಮರ ಹೈದರಾಬಾದ್ ಸಂಸ್ಥಾನ 82,000ಕ್ಕೂ ಹೆಚ್ಚು ಚದರ ಮೈಲಿಯ ರಾಜ್ಯ. ಅದರ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು ಜಿಲ್ಲೆಗಳು, ಐದು ಮರಾಠಿ ಜಿಲ್ಲೆಗಳು. ಉಳಿದ ಮೂರು, ಅಂದರೆ ಗುಲ್ಬರ್ಗಾ, ರಾಯಚೂರು, ಬೀದರ್, ಕನ್ನಡದವು. ಆಡಳಿತದ ಭಾಷೆ ಮಾತ್ರ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪಾಠಗಳೂ ಉರ್ದುವಿನಲ್ಲೇ. ಸಭೆ ಸೇರಬೇಕಾದರೆ ಸರ್ಕಾರದ ಅಪ್ಪಣೆ ಬೇಕು. 1938ರಲ್ಲಿ ಹುಟ್ಟಬೇಕಾಗಿದ್ದ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಆ ನಿಷೇಧ ತೆಗೆದದ್ದು 1946ರಲ್ಲಿ. 1947ರಲ್ಲಿ ಬ್ರಿಟಿಷರು ಹೊರಟಾಗ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. ಸ್ವತಂತ್ರ ರಾಜ್ಯವಾಗಿ ಉಳಿಯುವ ಆಸೆ ಇಟ್ಟುಕೊಂಡರು. ಲಾತೂರಿನ ವಕೀಲ ಕಾಸಿಂ ರಜ್ವಿಯ ಮುಂದಾಳುತನದಲ್ಲಿ ರಜಾಕಾರರ ದಂಡು ಬೆಳೆಯಿತು. ಅಲ್ಲಿಂದ 1948ರ ಸೆಪ್ಟೆಂಬರ್‌ವರೆಗಿನ ಹದಿಮೂರು ತಿಂಗಳು ಈ ನಾಡು ಕೆಂಡದ ಮೇಲೆ ನಿಂತಿತ್ತು.

ಈ ಚಳುವಳಿಯ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ನಮ್ಮ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ಕೆಲಸ ಮಾಡುತ್ತಿದ್ದ ತರುಣನಿಗೆ ಪಾರ್ಶ್ವವಾಯು ಬಡಿಯಿತು. ಅದರಿಂದ ಚೇತರಿಸಿಕೊಂಡು ಹಿಪ್ಪರಗಿ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರನಾದ. ಮುಂದೆ ಸಂನ್ಯಾಸ ಸ್ವೀಕರಿಸಿದರೂ ಪಾಠ ಹೇಳುವುದನ್ನು ಬಿಡಲಿಲ್ಲ. ಇಂದು ಅಂಬಾಜೋಗಾಯಿ ಎನ್ನಿಸಿಕೊಂಡಿರುವ ಮೋಮಿನಾಬಾದಿನಲ್ಲಿ ಶಾಲೆ ನಡೆಸಿದರು. ಆಗಿನ ನಿಜಾಮ ಸೀಮೆಯಲ್ಲಿ ಶಾಲೆ ತೆರೆಯುವುದೇ ಒಂದು ಚಳುವಳಿ. ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್ದರ್ದ್ ಶಾಲೆ, ಗುಲ್ಬರ್ಗಾದಲ್ಲಿ ನೂತನ ವಿದ್ಯಾಲಯ ಇವೂ ಅದೇ ಬಗೆಯವು. ದೇಶಾಭಿಮಾನವೆಂಬ ಮಾತನ್ನು ಬೀದಿಯಲ್ಲಿ ಆಡುವಂತಿಲ್ಲದಾಗ ಜನ ಅದನ್ನು ತರಗತಿಯ ಒಳಗೆ ಕೂತು ಆಡಿಕೊಂಡರು.

1947ರ ಆಗಸ್ಟ್ 7ರಂದು 'ಭಾರತಕ್ಕೆ ಸೇರಿ' ಚಳುವಳಿ ಆರಂಭವಾಯಿತು. ವಿದ್ಯಾರ್ಥಿಗಳು ಕಾಲೇಜು ಬಿಟ್ಟರು, ವಕೀಲರು ಕೋರ್ಟು ಬಿಟ್ಟರು. ಹಳ್ಳಿಗಳಲ್ಲಿ ಅಬ್ಕಾರಿ ಆದಾಯ ತಪ್ಪಿಸಲು ಸಿಂದಿ ಮರಗಳನ್ನು ಕಡಿದುರುಳಿಸಿದರು. ಆಗಸ್ಟ್ 15ರಂದು, ದೇಶವೆಲ್ಲ ಹಬ್ಬ ಮಾಡುತ್ತಿದ್ದಾಗ, ಸ್ವಾಮೀಜಿ ಸುಲ್ತಾನ್ ಬಜಾರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಸೆರೆಮನೆಗೆ ಹೋದರು. ನಾವು ಇಂದು ಸೀರೆ, ಪಾತ್ರೆ, ಪುಸ್ತಕಗಳಿಗೆ ಚೌಕಾಸಿ ಮಾಡುವ ಅದೇ ಸುಲ್ತಾನ್ ಬಜಾರು! ನವೆಂಬರ್ 29ರ ಯಥಾಸ್ಥಿತಿ ಒಪ್ಪಂದವಾದಾಗ ಬಿಡುಗಡೆಯಾದರು. ಕೆಲವೇ ವಾರಗಳಲ್ಲಿ ಮತ್ತೆ ಹಿಡಿದು ಒಳಗೆ ಹಾಕಿದರು. ಹೊರಗೆ ಬಂದದ್ದು ಪೋಲೀಸ್ ಕಾರ್ಯಾಚರಣೆ ಮುಗಿದ ಮೇಲೆಯೇ.

ಗೆದ್ದ ಮೇಲೆ ಅವರು ನಡೆದುಕೊಂಡ ರೀತಿ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 1952ರ ಚುನಾವಣೆಯ ಬಳಿಕ ಮುಖ್ಯಮಂತ್ರಿಗಳಾದವರು ಬೂರ್ಗುಲ ರಾಮಕೃಷ್ಣ ರಾಯರು. ಸ್ವಾಮೀಜಿ ಗುಲ್ಬರ್ಗಾದಿಂದ ಲೋಕಸಭೆಗೆ ಹೋದರು. ಯಾವ ಸಂಸ್ಥಾನದಲ್ಲಿ ಅವರ ಮಾತು ನಡೆಯುತ್ತಿತ್ತೋ ಅದೇ ಸಂಸ್ಥಾನವನ್ನು ಒಡೆದು ಆಯಾ ಭಾಷೆಯವರಿಗೆ ಸೇರಿಸಿಬಿಡಿ ಎಂದು ವಾದಿಸಿದರು. 1956ರ ನವೆಂಬರ್ 1ರಂದು ಹಾಗೇ ಆಯಿತು; ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಸ್ವಾಮೀಜಿ 1972ರ ಜನವರಿ 22ರಂದು ಇದೇ ಊರಿನಲ್ಲಿ ತೀರಿಕೊಂಡರು. ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ. ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ, ಮೆಟ್ರೋದಲ್ಲಿ ಓಡಾಡುವ ನಮ್ಮವರಲ್ಲಿ ಎಷ್ಟು ಜನ ಇಳಿದು ಒಳಗೆ ಹೋಗಿದ್ದಾರೆ?

ಇನ್ನು ಕಾಚಿಗುಡಕ್ಕೆ ಬರೋಣ. ಕಾಚಿಗುಡ ಎಂದರೆ ನಮಗೆ ಹೈದರಾಬಾದಿನೊಳಗಿನ ಒಂದು ಕನ್ನಡ ಓಣಿ ಇದ್ದ ಹಾಗೆ. ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿ, ನೃಪತುಂಗ ಶಾಲೆ ಅಲ್ಲಿ. ರೈಲಿನಿಂದ ಇಳಿದ ಕನ್ನಡಿಗ ಮೊದಲು ಕಾಲಿಡುತ್ತಿದ್ದುದೂ ಅಲ್ಲಿಯೇ. ಅದೇ ಕಾಚಿಗುಡದಲ್ಲಿ 1948ರ ಆಗಸ್ಟ್ 21ರ ನಡುರಾತ್ರಿ ಕಳೆದ ಮೇಲೆ ಒಬ್ಬ ತರುಣ ಪತ್ರಿಕಾ ಸಂಪಾದಕ ಕಚೇರಿಯ ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ. ಹೆಸರು ಶೋಯೆಬುಲ್ಲಾ ಖಾನ್. ವಯಸ್ಸು 27. ಉಸ್ಮಾನಿಯಾದ ಪದವೀಧರ. ಮೊದಲು 'ತೇಜ್' ಪತ್ರಿಕೆಯಲ್ಲಿದ್ದ, ಅದು ನಿಂತಿತು. ಆಮೇಲೆ 'ರಯ್ಯತ್' ಪತ್ರಿಕೆಗೆ ಹೋದ, ಅದೂ ನಿಂತಿತು. ಕಡೆಗೆ ಬೂರ್ಗುಲ ರಾಮಕೃಷ್ಣ ರಾಯರೇ ಮೊದಲಾದವರ ನೆರವಿನಿಂದ 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯನ್ನು ತಾನೇ ಹೊರಡಿಸಿದ. ಇಮ್ರೋಜ್ ಎಂದರೆ 'ಇಂದು'.

ಆ ಪತ್ರಿಕೆಯಲ್ಲಿ ಆತ ರಜಾಕಾರರ ಹಾವಳಿಯನ್ನು ಬಿಚ್ಚಿ ಬರೆದ. ಹೈದರಾಬಾದು ಭಾರತಕ್ಕೆ ಸೇರುವುದೇ ಎಲ್ಲರಿಗೂ, ಮುಸಲ್ಮಾನರಿಗೂ, ಕ್ಷೇಮವೆಂದು ಬರೆದ. ಹಾಗೆಂದು ಏಳು ಮಂದಿ ಮುಸ್ಲಿಂ ಗಣ್ಯರು ಕೊಟ್ಟ ಹೇಳಿಕೆಯನ್ನು ಧೈರ್ಯವಾಗಿ ಅಚ್ಚು ಹಾಕಿದ. ಇದಾದ ಕೆಲವೇ ದಿನಗಳಲ್ಲಿ ರಜ್ವಿ ಸಾರ್ವಜನಿಕ ಸಭೆಯಲ್ಲಿ, ವಿರುದ್ಧವಾಗಿ ಏಳುವ ಕೈಗಳನ್ನು ಕತ್ತರಿಸಬೇಕೆಂಬ ಅರ್ಥದ ಮಾತಾಡಿದ. ಮಾತು ಮಾತಾಗಿ ಉಳಿಯಲಿಲ್ಲ. ಅಂದು ರಾತ್ರಿ ಹಿಂದಿನಿಂದ ಬಂದವರು ಶೋಯೆಬುಲ್ಲಾನಿಗೆ ಗುಂಡು ಹೊಡೆದರು, ಬರೆಯುವ ಕೈಯನ್ನು ಕಡಿದು ಹಾಕಿದರು. ಬಿಡಿಸಲು ಬಂದ ಭಾವಮೈದುನ ಇಸ್ಮಾಯಿಲ್ ಖಾನರ ಕೈಗೂ ಕತ್ತಿ ಬಿತ್ತು. ಬೆಳಗಾಗುವ ಹೊತ್ತಿಗೆ ಶೋಯೆಬುಲ್ಲಾ ತೀರಿಹೋಗಿದ್ದ. ಭಾರತದ ಸೈನ್ಯ ಗಡಿ ದಾಟಿ ಒಳಗೆ ಬರಲು ಆಗ ಇನ್ನು 22 ದಿನ ಮಾತ್ರ ಉಳಿದಿತ್ತು.

ಈ ಊರಿನ ಇತಿಹಾಸ ಓದುವಾಗಲೆಲ್ಲ ನನ್ನ ಮನಸ್ಸು ಬಂದು ನಿಲ್ಲುವುದು ಇಲ್ಲಿಯೇ. ಅಧಿಕಾರ ತನಗೆ ವಿರುದ್ಧವಾಗಿದ್ದಾಗ ಸಿಡಿದೇಳುವುದು ದೊಡ್ಡದೇ, ಸಂದೇಹವಿಲ್ಲ. ಆದರೆ ಅಧಿಕಾರ ತನ್ನವರ ಕೈಯಲ್ಲಿದ್ದು, ಬಾಯಿ ಮುಚ್ಚಿಕೊಂಡಿದ್ದರೆ ಸಂಬಳ, ಮರ್ಯಾದೆ, ಸುರಕ್ಷತೆ ಎಲ್ಲವೂ ಸಿಗುವಾಗ, ನೆರೆಮನೆಯವನ ಪರವಾಗಿ ಬಾಯಿ ತೆರೆಯುವುದಿದೆಯಲ್ಲ, ಅದಕ್ಕೆ ಬೇರೆಯೇ ಎದೆ ಬೇಕು. ಬಸುರಿ ಹೆಂಡತಿ, ವಯಸ್ಸಾದ ತಾಯಿಯನ್ನು ಮನೆಯಲ್ಲಿಟ್ಟುಕೊಂಡಿದ್ದ ಶೋಯೆಬುಲ್ಲಾ ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಇದೇ ಕಾಲದ ಇನ್ನೂ ಕೆಲವು ಬಾಳುಗಳ ಗುರುತು ಈ ನಗರದಲ್ಲಿವೆ. 1947ರ ಡಿಸೆಂಬರ್ 4ರಂದು ಕಿಂಗ್ ಕೋಠಿ ರಸ್ತೆಯಲ್ಲಿ ನಿಜಾಮರ ಕಾರಿನ ಮೇಲೆ ಬಾಂಬು ಎಸೆದ ನಾರಾಯಣ ರಾವ್ ಪವಾರ್ ಆಗ ಕಾನೂನು ಓದುತ್ತಿದ್ದ ಹುಡುಗ. ಬಾಂಬು ಕಾರಿಗೆ ತಾಕಿ ಆಚೆ ಸಿಡಿಯಿತು, ನಿಜಾಮರು ಪಾರಾದರು. ಪವಾರರಿಗೆ ಮರಣದಂಡನೆಯಾಯಿತು. ಅದು ಜಾರಿಯಾಗುವ ಮೊದಲೇ ಕಾಲ ತಿರುಗಿತು; ಅವರು ಬಿಡುಗಡೆಯಾಗಿ 2010ರವರೆಗೆ ಬದುಕಿದರು. ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಉರ್ದು ಕವಿ ಮಖ್ದೂಂ ಮೊಹಿಯುದ್ದೀನರು ನೌಕರಿ ಬಿಟ್ಟು ಕಮ್ಯುನಿಸ್ಟರ ಜೊತೆ ಸೇರಿ ಭೂಗತರಾದರು. ಟ್ಯಾಂಕ್ ಬಂಡಿನ ಮೇಲೆ ಇಂದು ಅವರ ಪ್ರತಿಮೆಯಿದೆ. ಪಾಲಕುರ್ತಿಯ ಅಗಸರ ಹೆಣ್ಣುಮಗಳು ಚಾಕಲಿ ಐಲಮ್ಮ ತನ್ನ ಹೊಲದ ಬೆಳೆ ಕೊಯ್ದುಕೊಳ್ಳಲು ದೇಶಮುಖನ ಆಳುಗಳ ಎದುರು ನಿಂತಳು. ತೆಲಂಗಾಣದ ರೈತರ ಸಶಸ್ತ್ರ ಹೋರಾಟಕ್ಕೆ ಅದೂ ಒಂದು ಕಿಡಿ. ಆ ಹೋರಾಟ ನಿಜಾಮರು ಹೋದ ಮೇಲೂ ಮುಂದುವರಿದು 1951ರ ಅಕ್ಟೋಬರಿನಲ್ಲಿ ನಿಂತಿತು. ಕೋಠಿಯಲ್ಲಿ, ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆಂಟನ ಅರಮನೆಯಿದ್ದ ಆವರಣದ ಮಹಿಳಾ ವಿಶ್ವವಿದ್ಯಾಲಯಕ್ಕೆ 2024ರಲ್ಲಿ ಆಕೆಯ ಹೆಸರಿಟ್ಟರು.

ನಮ್ಮ ಕನ್ನಡ ಸೀಮೆಯಲ್ಲಿ ಆಗ ಏನಾಗುತ್ತಿತ್ತು? ಸಂಸ್ಥಾನದ ಗಡಿ ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಅಲ್ಲಿಯ ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿ ಶಿಬಿರದ ಮುಖಂಡರು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು. ಶಿಬಿರದ ಹುಡುಗರು ರಾತ್ರಿ ಗಡಿ ದಾಟಿ ಕರೋಡಗಿರಿ ನಾಕೆಗಳ ಮೇಲೆ, ಪೋಲೀಸ್ ಠಾಣೆಗಳ ಮೇಲೆ ಬೀಳುವರು. ಬೆಳಗಾಗುವುದರೊಳಗೆ ಈಚೆಗೆ ಬರುವರು. ಅದರ ಸೇಡನ್ನು ರಜಾಕಾರರು ಹಳ್ಳಿಗಳ ಮೇಲೆ ತೀರಿಸಿಕೊಳ್ಳುವರು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರಲ್ಲಿ ಒಂದೇ ದಾಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಆ ಸೀಮೆಯವರು ಹೇಳುತ್ತಾರೆ. ಅಲ್ಲಿ 2023ರಲ್ಲಿ ಹುತಾತ್ಮರ ಸ್ಮಾರಕವಾಗಿದೆ.

ನಮ್ಮ ತಾಯಿಯ ತವರು ಕೊಪ್ಪಳದ ಕಡೆಯ ಒಂದು ಗಡಿಯ ಹಳ್ಳಿ. ಆಗ ಕೊಪ್ಪಳ ಸಾಲಾರ್ ಜಂಗರ ಜಹಗೀರು. ನಮ್ಮ ಅಜ್ಜಿಗೆ ಆಗ ಹದಿನೆಂಟು ವರ್ಷ, ಕಂಕುಳಲ್ಲಿ ಒಂದು ಕೂಸು. ರಜಾಕಾರರ ಭಯ ಹೆಚ್ಚಾದಾಗ ಮನೆಯವರೆಲ್ಲ ಎತ್ತಿನ ಕೊರಳ ಗೆಜ್ಜೆ ಬಿಚ್ಚಿ, ರಾತ್ರೋರಾತ್ರಿ ಗಾಡಿ ಕಟ್ಟಿಕೊಂಡು ಮುಂಡರಗಿಯ ಕಡೆ ಹೊರಟರಂತೆ. ಕಾಳಿನ ಹಗೇವು ಮುಚ್ಚಿ, ತಾಮ್ರ ಹಿತ್ತಾಳೆಯನ್ನು ದನದ ಕೊಟ್ಟಿಗೆಯಲ್ಲಿ ಹೂಳಿ, ಮನೆಯ ಕೀಲಿಯನ್ನು ನೆರೆಮನೆಯ ಪಿಂಜಾರ ಕಾಕಾನ ಕೈಗೆ ಕೊಟ್ಟರು. ಹಾಸಿಗೆಗೆ ಅರಳೆ ಹಿಂಜಿಕೊಡುವ ಬಡ ಮುಸಲ್ಮಾನ ಆತ. ರಜಾಕಾರರು ಬಂದು ಬೀಗ ಹಾಕಿದ ಮನೆಗಳನ್ನು ಒಡೆಯುವಾಗ ಆತ ನಮ್ಮವರ ಕಟ್ಟೆಯ ಮೇಲೆ ಕೂತು 'ಈ ಮನಿ ನಂದು' ಎಂದನಂತೆ. ಮನೆ ಉಳಿಯಿತು.

ಐದು ತಿಂಗಳು ಕಳೆದ ಮೇಲೆ, ನಿಜಾಮರ ಸೈನ್ಯ ಶರಣಾಗಿ ಎಲ್ಲೆಲ್ಲೂ ಜಯಕಾರ ಕೇಳುತ್ತಿದ್ದಾಗ, ಇವರು ಊರಿಗೆ ಮರಳಿದರು. ಅಜ್ಜಿ ಅದನ್ನು ಹೇಳುತ್ತಿದ್ದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಕೀಲಿ ಇತ್ತು, ಮನಿ ಇತ್ತು, ಹಗೇವಿನ ಜೋಳಾನೂ ಇತ್ತು. ಕಾಕಾ ಇರಲಿಲ್ಲಪಾ. ಅವನ ಹೇಣ್ತಿ ಬಂದು ಕೀಲಿ ಕೊಟ್ಟು, ಒಂದು ಮಾತೂ ಆಡದ ಒಳಗ ಹೋದ್ಲು." ಯಾರು ಏನು ಮಾಡಿದರು ಎಂದು ನಾನು ಕೇಳಿದ್ದೆ. "ಬ್ಯಾಡ ತಮ್ಮಾ, ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ಊರಾಗ ಅದಾರ" ಎಂದು ಸುಮ್ಮನಾದಳು. ಮಾಡಿದವರು ರಜಾಕಾರರಲ್ಲವೆಂಬುದು ಅದರಿಂದಲೇ ತಿಳಿಯಿತು. ಆ ಹೆಣ್ಣುಮಗಳ ಮನೆಗೆ ನಮ್ಮಜ್ಜ ಬದುಕಿರುವವರೆಗೂ ಪ್ರತಿ ಸುಗ್ಗಿಗೆ ಎರಡು ಚೀಲ ಜೋಳ ಹೋಗುತ್ತಿತ್ತು. ಅದು ದಾನವೆಂದು ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ.

ಇದು ನಮ್ಮ ಒಂದು ಹಳ್ಳಿಯ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಸೆಪ್ಟೆಂಬರ್ 13ರಂದು ಸೈನ್ಯ ಒಳಗೆ ಬಂತು. 17ಕ್ಕೆ ನಿಜಾಮರು ಸೋತರು. 18ರಂದು ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದರು. ಇಷ್ಟು ಎಲ್ಲ ಪಾಠಪುಸ್ತಕಗಳಲ್ಲಿದೆ. ಆಮೇಲಿನ ವಾರಗಳಲ್ಲಿ ಹಳ್ಳಿಗಳಲ್ಲಿ ನಡೆದ ಪ್ರತೀಕಾರ ಮಾತ್ರ ಪಾಠಪುಸ್ತಕಕ್ಕೆ ಬರಲಿಲ್ಲ. ನೆಹರೂ ಅವರ ಸರ್ಕಾರವೇ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿಯವರನ್ನು ಕಳಿಸಿ ವಿಚಾರಣೆ ಮಾಡಿಸಿತು. 1948ರ ಕೊನೆಯಲ್ಲಿ ಅವರು ಜಿಲ್ಲೆ ಜಿಲ್ಲೆ ಸುತ್ತಿ ವರದಿ ಬರೆದರು. ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅದರ ನಂತರ ಸತ್ತವರ ಸಂಖ್ಯೆ ಕನಿಷ್ಠ 27,000ದಿಂದ 40,000 ಇರಬೇಕೆಂಬುದು ಅವರ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು: ಗುಲ್ಬರ್ಗಾ ಮತ್ತು ಬೀದರ್. ಉಳಿದವು ಉಸ್ಮಾನಾಬಾದ್, ನಾಂದೇಡ್. ಆ ವರದಿ ಬಹುಕಾಲ ಕಪಾಟಿನಲ್ಲೇ ಉಳಿದು, ಜನರ ಕಣ್ಣಿಗೆ ಬಿದ್ದದ್ದು 2013ರ ಸುಮಾರಿಗೆ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ನೆರೆಯ ಮುಸಲ್ಮಾನರನ್ನು ತಮ್ಮ ಜೀವದ ಹಂಗು ತೊರೆದು ಕಾಪಾಡಿದ ಹಿಂದೂಗಳಿದ್ದರು, ಅದರಲ್ಲೂ ನೇಕಾರರು ತಮ್ಮ ಜೊತೆಯ ನೇಕಾರರನ್ನು ಬಿಟ್ಟುಕೊಡಲಿಲ್ಲ.

ಇದನ್ನು ಹೇಳಿದರೆ ಗೋರ್ಟಾದವರ ದುಃಖ ಸಣ್ಣದಾಗುವುದೆಂದು ಕೆಲವರು ಅನ್ನುತ್ತಾರೆ. ಗೋರ್ಟಾವನ್ನು ಹೇಳಿದರೆ ಈ ಕಡೆಯವರ ದುಃಖ ಸಣ್ಣದಾಗುವುದೆಂದು ಇನ್ನು ಕೆಲವರು. ದುಃಖವನ್ನು ತಕ್ಕಡಿಯಲ್ಲಿಟ್ಟು ತೂಗುವ ವ್ಯಾಪಾರ ನಮಗೆ ಬೇಡ. ಗಡಿ ದಾಟಿ ಓಡಿದ ನಮ್ಮ ಅಜ್ಜಿಗೆ ಎರಡೂ ಗೊತ್ತಿದ್ದವು. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕೆಂದು ಆಕೆಗೆ ಎಂದೂ ಅನ್ನಿಸಲಿಲ್ಲ. ಅಕ್ಷರ ಬಾರದ ಆಕೆಗಿದ್ದ ಆ ಪ್ರಾಮಾಣಿಕತೆ ಓದಿದ ನಮಗೂ ಬರಬೇಕು. ನಿಜಾಮರ ಆಳ್ವಿಕೆ ಮುಗಿಯಬೇಕಾಗಿತ್ತು, ಮುಗಿಯಿತು. ನಮ್ಮ ಮೂರು ಜಿಲ್ಲೆಗಳು ತಾಯಿನುಡಿಯ ಮನೆಗೆ ಬಂದದ್ದು ಅದರ ಫಲ. ಅದರ ಹೆಮ್ಮೆ ನನಗೂ ಇದೆ. ಆದರೆ ಆ ಫಲಕ್ಕೆ ಬೆಲೆ ತೆತ್ತವರ ಪಟ್ಟಿಯಲ್ಲಿ ಧ್ವಜ ಹಿಡಿದ ಸಂನ್ಯಾಸಿಯ ಜೊತೆಗೆ ಲೇಖನಿ ಹಿಡಿದ ಶೋಯೆಬುಲ್ಲಾನ ಹೆಸರೂ ಇರಬೇಕು, ಕೀಲಿ ಹಿಡಿದ ಪಿಂಜಾರ ಕಾಕಾನ ಹೆಸರೂ ಇರಬೇಕು. ಕಡೆಯವನ ಹೆಸರನ್ನು ಕಲ್ಲಿನ ಮೇಲೆ ಯಾರೂ ಕೆತ್ತಿಸುವುದಿಲ್ಲ. ಅದಕ್ಕೇ ಅವನನ್ನು ನೆನೆಯುವ ಹೊಣೆ ನಮ್ಮಂಥವರ ಮೇಲೆ ಹೆಚ್ಚು.

ಪರಊರಿನಲ್ಲಿ ಅಲ್ಪಸಂಖ್ಯಾತರಾಗಿ ಬದುಕುವ ನಮಗೆ ಈ ಚರಿತ್ರೆಯಲ್ಲಿ ಒಂದು ಖಾಸಾ ಪಾಠವೂ ಇದೆ. ನಾವು ಇಲ್ಲಿ ನೆಮ್ಮದಿಯಾಗಿರುವುದು ಸಂವಿಧಾನದ ಬಲದಿಂದ ಹೌದು. ಪಕ್ಕದ ಮನೆಯ ತೆಲುಗಿನವರು, ಎದುರು ಮನೆಯ ಉರ್ದುವಿನವರು ನಮ್ಮನ್ನು ತಮ್ಮವರೆಂದುಕೊಂಡಿರುವುದರಿಂದಲೂ ಹೌದು. ಊರಿಗೆ ಹೋಗುವಾಗ ನಾವೂ ಅವರ ಕೈಯಲ್ಲೇ ತಾನೆ ಬೀಗದ ಕೈ ಕೊಟ್ಟು ಹೋಗುವುದು? ನಮ್ಮ ಸ್ವಂತ ನಾಡಿನಲ್ಲಿ ನಮ್ಮ ಕೈ ಮೇಲಾಗಿರುವಾಗ ಅಲ್ಲಿಗೆ ಬಂದ ಬೇರೆಯವರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಹೈದರಾಬಾದಿನ ಕನ್ನಡಿಗನಿಗೆ ಯಾರೂ ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಸಂಘದ ಬಂಧುಗಳಲ್ಲಿ ಒಂದು ಬಿನ್ನಹ. 1948ನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ತೊಂಬತ್ತರ ಅಂಚಿನಲ್ಲಿದ್ದಾರೆ. ಗುಲ್ಬರ್ಗಾ, ರಾಯಚೂರು, ಬೀದರಿನ ಕಡೆಯಿಂದ ಬಂದ ನಮ್ಮ ಕುಟುಂಬಗಳಲ್ಲಿ ಅಂಥ ಅಜ್ಜ ಅಜ್ಜಿಯರು ಕೆಲವರಾದರೂ ಇದ್ದಾರೆ. ಭಾನುವಾರ ಒಂದು ಗಂಟೆ ಅವರ ಹತ್ತಿರ ಕೂತು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾರು ಓಡಿದರು, ಯಾರು ಓಡಿಸಿದರು ಎಂಬುದರ ಜೊತೆಗೆ ಯಾರ ಕೈಯಲ್ಲಿ ಕೀಲಿ ಕೊಟ್ಟರೆಂಬುದನ್ನೂ ಕೇಳಿ. ಒಂದೊಂದು ಪುಟವಾದರೂ ನಮ್ಮ ಈ ಪತ್ರಿಕೆಗೆ ಬರಲಿ. ಮಕ್ಕಳನ್ನು ಗೋಲ್ಕೊಂಡ, ಚಾರ್ಮಿನಾರಿಗೆ ಕರೆದೊಯ್ಯುವ ಹಾಗೆ ಒಮ್ಮೆ ಬೇಗಂಪೇಟೆಯ ಸ್ಮಾರಕಕ್ಕೂ ಕರೆದೊಯ್ಯಿರಿ. ಹಾಗೆಯೇ ಸಾಹಿತ್ಯ ಮಂದಿರದ ಕಾರ್ಯಕ್ರಮ ಮುಗಿಸಿ ಕಾಚಿಗುಡದ ಬೀದಿಯಲ್ಲಿ ಬರುವಾಗ, 27 ವರ್ಷದ ಒಬ್ಬ ಸಂಪಾದಕ ಒಂದು ರಾತ್ರಿ ಇಲ್ಲಿ ಮನೆಗೆ ನಡೆದು ಹೋಗುತ್ತಿದ್ದನೆಂದು ಅವರಿಗೆ ಹೇಳಿರಿ.